ದಾರಿಯ ಮಗನ ಪಾಲು: ಝಕಾತ್ ಹಣ ನಿರಾಶ್ರಿತರ ಕೈ ಸೇರುವುದು ಹೇಗೆ?

ರಂಜಾನ್ ಹತ್ತಿರ ಬಂತೆಂದರೆ ಮಂಗಳೂರಿನ ಬಂದರು ಕಡೆಯ ನನ್ನ ಪರಿಚಯದ ದಿನಸಿ ವ್ಯಾಪಾರಿಯೊಬ್ಬರು ಕೆಂಪು ರಟ್ಟಿನ ಉದ್ದ ಪುಸ್ತಕವೊಂದನ್ನು ತೆಗೆಯುತ್ತಾರೆ. ಬ್ಯಾಂಕಿನಲ್ಲಿರುವ ದುಡ್ಡು, ಗೋದಾಮಿನಲ್ಲಿರುವ ಅಕ್ಕಿ ಬೇಳೆಯ ಇವತ್ತಿನ ಬೆಲೆ, ಗಿರಾಕಿಗಳಿಂದ ಬರಬೇಕಾದ ಬಾಕಿ ಎಲ್ಲವನ್ನೂ ಒಂದರ ಕೆಳಗೊಂದು ಬರೆದು ಕೂಡಿಸುತ್ತಾರೆ. ಕೂಡಿದ ಮೊತ್ತವನ್ನು ನಲವತ್ತರಿಂದ ಭಾಗಿಸುತ್ತಾರೆ. ಬಂದ ಉತ್ತರದ ಕೆಳಗೆ ಎರಡು ಗೆರೆ ಎಳೆದು, "ಇಷ್ಟು ನನ್ನದಲ್ಲ" ಅನ್ನುತ್ತಾರೆ.

ಕಳೆದ ಸಲ ಅವರ ಮುಂದೆ ಹೊಸದೊಂದು ಪ್ರಶ್ನೆಯಿತ್ತು. ದುಬೈಯಲ್ಲಿರುವ ಮಗ ವಾಟ್ಸ್ಆ್ಯಪ್‌ನಲ್ಲಿ ಒಂದು ಜಾಹೀರಾತು ಕಳಿಸಿದ್ದ. ನಿಮ್ಮ ಝಕಾತನ್ನು ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆಗೆ ಕೊಡಿ, ಅದು ಪೂರ್ತಿಯಾಗಿ ನಿರಾಶ್ರಿತ ಕುಟುಂಬಗಳಿಗೆ ತಲುಪುತ್ತದೆ ಎಂಬುದು ಅದರ ಸಾರ. "ನಮ್ಮ ಝಕಾತ್ ವಿಶ್ವಸಂಸ್ಥೆಗೆ ಕೊಟ್ಟರೆ ಆಗ್ತದಾ?" ಎಂದು ಅವರು ನನ್ನನ್ನೇ ಕೇಳಿದರು. ಧರ್ಮದ ತೀರ್ಪು ಕೊಡುವುದು ನನ್ನ ಕೆಲಸವಲ್ಲ. ಆದರೆ ಈ ಪ್ರಶ್ನೆಯ ಹಿಂದೆ ಏನೇನಿದೆ ಎಂದು ಬಿಡಿಸಿ ಹೇಳಬಹುದು.

ದಾನವಲ್ಲ, ಬಾಕಿ

ಝಕಾತ್ ಎಂದರೆ ದಾನ ಎಂದು ನಾವು ಸಲೀಸಾಗಿ ಹೇಳಿಬಿಡುತ್ತೇವೆ. ಅದು ಅರ್ಧ ಸತ್ಯ. ದಾನ ಕೊಡುವವನ ಇಷ್ಟ. ಎಷ್ಟು, ಯಾವಾಗ, ಯಾರಿಗೆ ಎಂಬುದೆಲ್ಲ ಅವನಿಗೇ ಬಿಟ್ಟದ್ದು. ಝಕಾತಿನಲ್ಲಿ ಈ ಮೂರಕ್ಕೂ ನಿಯಮವಿದೆ. ಇಸ್ಲಾಮಿನ ಐದು ಸ್ತಂಭಗಳಲ್ಲಿ ಅದೂ ಒಂದು. ಅನುಕೂಲಸ್ಥ ಮುಸ್ಲಿಮನ ಸಂಪತ್ತಿನಲ್ಲಿ ಬಡವನಿಗೆ ಹಕ್ಕಿನ ಪಾಲಿದೆ, ಅದನ್ನು ಬೇರ್ಪಡಿಸಿ ಕೊಟ್ಟಾಗಲೇ ಉಳಿದದ್ದು ಶುದ್ಧವಾಗುತ್ತದೆ ಎಂಬುದು ಅದರ ಹಿಂದಿನ ತಿಳಿವಳಿಕೆ. ಅರಬ್ಬಿಯಲ್ಲಿ ಆ ಪದಕ್ಕೆ ಶುದ್ಧಿ, ಬೆಳವಣಿಗೆ ಎಂಬ ಅರ್ಥಗಳಿವೆ. ಇಷ್ಟಪಟ್ಟು, ಮನಸ್ಸು ಬಂದಾಗ ಕೊಡುವುದಕ್ಕೆ ಬೇರೆಯದೇ ಹೆಸರಿದೆ: ಸದಕಾ.

ಈ ಪದ ಕನ್ನಡಕ್ಕೆ ಹೊಸದೇನೂ ಅಲ್ಲ. ಸಂತೆಯಲ್ಲಿ ತರಕಾರಿ ಹರವಿ ಕೂತವರಿಂದ ವಸೂಲು ಮಾಡುವ ಶುಲ್ಕಕ್ಕೆ ನಮ್ಮ ಎಷ್ಟೋ ಊರುಗಳಲ್ಲಿ ಇಂದಿಗೂ 'ಜಕಾತಿ' ಎನ್ನುತ್ತಾರೆ. ಆ ಜಕಾತಿ ಈ ಝಕಾತಿನ ಮಗುವೇ. ಸುಲ್ತಾನರ ಆಡಳಿತದ ಪರ್ಶಿಯನ್ ಕಡತಗಳ ಮೂಲಕ ಬಂದು, ದಾರಿಯಲ್ಲಿ ಧರ್ಮದ ಅರ್ಥ ಕಳಚಿಕೊಂಡು ಸುಂಕವಾಯಿತು. ಬಡವರಿಗೆ ಸೇರಬೇಕಾದದ್ದರ ಹೆಸರು ಕೊನೆಗೆ ಸೊಪ್ಪು ಮಾರುವವಳಿಂದ ಕೀಳುವ ಹಣಕ್ಕೆ ಅಂಟಿಕೊಂಡದ್ದು ಭಾಷೆಯ ತಮಾಷೆ. ಆದರೂ ಝಕಾತಿನಲ್ಲಿ ತೆರಿಗೆಯ ಗುಣ ಎಷ್ಟಿದೆ ಎಂಬುದಕ್ಕೆ ಈ ಪದವೇ ಸಾಕ್ಷಿ.

ಈಗ ಲೆಕ್ಕ. ಎಲ್ಲರೂ ಝಕಾತ್ ಕೊಡಬೇಕಿಲ್ಲ. ಸಂಪತ್ತು ಒಂದು ಮಿತಿ ದಾಟಿರಬೇಕು. ಆ ಮಿತಿಗೆ 'ನಿಸಾಬ್' ಎಂದು ಹೆಸರು. ನಮ್ಮ ದೇಶದಲ್ಲಿ ರೂಢಿಯಲ್ಲಿರುವ ಅಳತೆ ಏಳೂವರೆ ತೊಲ ಚಿನ್ನ, ಅಂದರೆ 87.48 ಗ್ರಾಂ, ಇಲ್ಲವೇ ಐವತ್ತೆರಡೂವರೆ ತೊಲ ಬೆಳ್ಳಿ, ಅಂದರೆ 612.36 ಗ್ರಾಂ. ಅರಬ್ ದೇಶಗಳಲ್ಲಿ 85 ಗ್ರಾಂ ಚಿನ್ನ, 595 ಗ್ರಾಂ ಬೆಳ್ಳಿ ಎಂದು ಎಣಿಸುತ್ತಾರೆ. ಪ್ರವಾದಿ ಮುಹಮ್ಮದರ ಕಾಲದಲ್ಲಿ ಈ ಎರಡರ ಬೆಲೆಯೂ ಹೆಚ್ಚುಕಡಿಮೆ ಒಂದೇ ಆಗಿತ್ತು. ಇಂದು ಚಿನ್ನದ ಮಿತಿ ಬೆಳ್ಳಿಯ ಮಿತಿಗಿಂತ ಹಲವು ಪಟ್ಟು ಮೇಲಿದೆ. ಹಾಗಾಗಿ ಬೆಳ್ಳಿ ಹಿಡಿದು ಲೆಕ್ಕ ಹಾಕಿದರೆ ಸಾಧಾರಣ ಉಳಿತಾಯವಿರುವ ಗುಮಾಸ್ತನೂ ಕೊಡುವವರ ಸಾಲಿಗೆ ಬರುತ್ತಾನೆ. ಚಿನ್ನ ಹಿಡಿದರೆ ಬರುವುದಿಲ್ಲ.

ಮಿತಿ ದಾಟಿದ ಸಂಪತ್ತು ಒಂದು ಚಾಂದ್ರಮಾನ ವರ್ಷ ಕೈಯಲ್ಲಿದ್ದರೆ ಅದರ ನಲವತ್ತನೇ ಒಂದು ಭಾಗ, ಅಂದರೆ ಶೇ 2.5 ಕೊಡಬೇಕು. ಗಮನಿಸಿ, ಇದು ವರಮಾನದ ಮೇಲಲ್ಲ, ಉಳಿದ ಸಂಪತ್ತಿನ ಮೇಲೆ. ಹತ್ತು ಲಕ್ಷ ಉಳಿದಿದ್ದರೆ 25,000 ರೂಪಾಯಿ. ವಾಸದ ಮನೆ, ಓಡಾಟದ ಸ್ಕೂಟರು, ಮನೆಯ ಪಾತ್ರೆ ಪಗಡಕ್ಕೆ ಲೆಕ್ಕವಿಲ್ಲ. ಬೆಳೆಗೆ ಬೇರೆ ದರ: ಮಳೆ ನೀರಿನಲ್ಲಿ ಬೆಳೆದದ್ದಕ್ಕೆ ಹತ್ತರಲ್ಲೊಂದು ಪಾಲು, ಏತ ಹೂಡಿ ನೀರು ಹಾಯಿಸಿ ಬೆಳೆದದ್ದಕ್ಕೆ ಇಪ್ಪತ್ತರಲ್ಲೊಂದು. ರೈತ ಬೆವರು ಸುರಿಸಿದಷ್ಟೂ ಕೊಡಬೇಕಾದದ್ದು ಕಡಿಮೆ. ಏಳನೇ ಶತಮಾನದ ಒಂದು ನಿಯಮದಲ್ಲಿ ಇಷ್ಟು ನಾಜೂಕು ಇರುವುದು ನನಗಂತೂ ಕುತೂಹಲದ ಸಂಗತಿ.

ಇಸ್ಲಾಮಿನ ನಿಯಮಗಳನ್ನು ಬಿಡಿಸಿ ಹೇಳುವ ನ್ಯಾಯಪಂಥಗಳು ಹಲವು. ಪಂಥದಿಂದ ಪಂಥಕ್ಕೆ ಒಂದಿಷ್ಟು ವ್ಯತ್ಯಾಸವೂ ಇದೆ. ಕಲಬುರಗಿಯ ಉರ್ದು ಮಾತಾಡುವ ಮನೆ ಸಾಮಾನ್ಯವಾಗಿ ಹನಫಿ ಪಂಥದ್ದು. ಅಲ್ಲಿ ಹೆಂಗಸು ದಿನವೂ ತೊಡುವ ಬಳೆಗೂ ಝಕಾತ್ ಲೆಕ್ಕ ಹಾಕುತ್ತಾರೆ. ಮಂಗಳೂರಿನ ಬ್ಯಾರಿಗಳು, ಭಟ್ಕಳದ ನವಾಯತರು ಶಾಫಿ ಪಂಥದವರು. ರೂಢಿಯ ಮಟ್ಟಿಗೆ ತೊಡುವ ಒಡವೆಗೆ ಅವರಲ್ಲಿ ವಿನಾಯಿತಿ. ಇಂಥ ಸಣ್ಣ ಭೇದಗಳು ಮುಂದೆ ನಿರಾಶ್ರಿತರ ವಿಷಯದಲ್ಲಿ ದೊಡ್ಡವಾಗುತ್ತವೆ.

ಎಂಟು ಬಾಗಿಲು

ಝಕಾತ್ ಯಾರಿಗೆ ಸೇರಬೇಕು ಎಂಬುದನ್ನು ಕುರ್‌ಆನಿನ ಒಂಬತ್ತನೇ ಅಧ್ಯಾಯದ ಅರವತ್ತನೇ ವಚನ ಹೇಳುತ್ತದೆ. ಅಲ್ಲಿರುವುದು ಎಂಟು ವರ್ಗ. ಬಡವರು, ಗತಿಯಿಲ್ಲದವರು, ಝಕಾತ್ ವಸೂಲಿ ಮತ್ತು ಹಂಚಿಕೆಯ ಕೆಲಸದವರು, ಇಸ್ಲಾಮಿನತ್ತ ಮನಸ್ಸು ಒಲಿಸಬೇಕಾದವರು, ಗುಲಾಮಗಿರಿಯಿಂದ ಬಿಡಿಸಬೇಕಾದವರು, ಸಾಲದಲ್ಲಿ ಮುಳುಗಿದವರು, ದೇವರ ಮಾರ್ಗದಲ್ಲಿರುವವರು, ಕೊನೆಗೆ 'ಇಬ್ನುಸ್ಸಬೀಲ್'. ಮಸೀದಿಗೆ ಸುಣ್ಣ ಬಳಿಸುವುದು ಈ ಪಟ್ಟಿಯಲ್ಲಿಲ್ಲ. ಅದಕ್ಕೆ ಸದಕಾ ಕೊಡಬಹುದು, ಝಕಾತ್ ಸಲ್ಲದು ಎಂಬುದೇ ಬಹುಪಾಲು ವಿದ್ವಾಂಸರ ಮಾತು.

ನಿರಾಶ್ರಿತ ಎಂಬ ಶಬ್ದ ಪಟ್ಟಿಯಲ್ಲಿ ಇಲ್ಲ. ಆದರೆ ಅವನು ಒಂದಕ್ಕಿಂತ ಹೆಚ್ಚು ಬಾಗಿಲಿನಿಂದ ಒಳಗೆ ಬರಬಲ್ಲ. ಮನೆ ಮಠ ಬಿಟ್ಟು ಉಟ್ಟ ಬಟ್ಟೆಯಲ್ಲಿ ಬಂದವನು ಬಡವನೇ. ಜೋರ್ಡಾನಿನ ರಾಜಧಾನಿ ಅಮ್ಮಾನಿನ ಬಾಡಿಗೆ ಕೋಣೆಯಲ್ಲಿರುವ ಸಿರಿಯಾದ ಕುಟುಂಬ ಬೀದಿ ತುದಿಯ ಅಂಗಡಿಯಲ್ಲಿ ಬ್ರೆಡ್ಡು, ಎಣ್ಣೆ ಉದ್ರಿ ಬರೆಸಿ ಬರೆಸಿ ತಿಂಗಳುಗಟ್ಟಲೆ ಬಾಕಿ ಉಳಿಸಿಕೊಂಡಿದ್ದರೆ ಅದು ಸಾಲಗಾರರ ವರ್ಗಕ್ಕೂ ಬರುತ್ತದೆ. ಇನ್ನು ಆ ಕೊನೆಯ ಪದ. ಇಬ್ನುಸ್ಸಬೀಲ್ ಎಂದರೆ ಅಕ್ಷರಶಃ 'ದಾರಿಯ ಮಗ'. ಊರಿನಿಂದ ದೂರವಾಗಿ ದಾರಿಯಲ್ಲಿ ಕೈ ಬರಿದಾದವನು. ಊರಲ್ಲಿ ಅವನಿಗೆ ತೋಟ, ಅಂಗಡಿ, ಎರಡು ಅಂತಸ್ತಿನ ಮನೆಯೇ ಇರಬಹುದು. ಅದು ಕೈಗೆಟುಕದಿದ್ದರೆ ಅವನಿಗೂ ಪಾಲುಂಟು. ಸಿರಿಯಾದ ಅಲೆಪ್ಪೊದಲ್ಲಿ ಬಟ್ಟೆ ಕಾರ್ಖಾನೆ ಇಟ್ಟುಕೊಂಡಿದ್ದವನು ಗಡಿಯಾಚೆಯ ಡೇರೆಯಲ್ಲಿ ಪಡಿತರಕ್ಕೆ ಸಾಲು ನಿಂತದ್ದನ್ನು ನೆನೆದರೆ ಈ ವರ್ಗ ಯಾಕೆ ಬೇಕಿತ್ತು ಎಂದು ಅರ್ಥವಾಗುತ್ತದೆ.

ಇಸ್ಲಾಮಿನ ಕಾಲಗಣನೆ ಶುರುವಾಗುವುದೇ ಒಂದು ವಲಸೆಯಿಂದ. 622ರಲ್ಲಿ ಪ್ರವಾದಿಯವರೂ ಸಂಗಡಿಗರೂ ಕಿರುಕುಳ ತಾಳದೆ ಮಕ್ಕಾ ತೊರೆದು ಮದೀನಾಕ್ಕೆ ಹೋದರು. ಹಾಗೆ ಬಂದವರು ಮುಹಾಜಿರರು, ಆಸರೆ ಕೊಟ್ಟ ಮದೀನಾದವರು ಅನ್ಸಾರರು. ಇಂದು ವಿದ್ವಾಂಸರು ನಿರಾಶ್ರಿತರ ಪರವಾಗಿ ಮಾತಾಡುವಾಗ ಮೊದಲು ತೆಗೆಯುವುದು ಇದೇ ಪ್ರಸಂಗವನ್ನು.

ಈಗ ಯಾಕೆ ಈ ಮಾತು?

ಮೊದಲು ಎರಡು ಪದ ಬಿಡಿಸಿಕೊಳ್ಳೋಣ. ಗಡಿ ದಾಟಿ ಬೇರೆ ದೇಶಕ್ಕೆ ಓಡಿದವರು ನಿರಾಶ್ರಿತರು. ಮನೆ ಬಿಟ್ಟಿದ್ದರೂ ತಮ್ಮದೇ ದೇಶದೊಳಗೆ ಇರುವವರು ಆಂತರಿಕ ಸ್ಥಳಾಂತರಿತರು. ನಮಗೆ ಎರಡೂ ಗೊತ್ತು. ಬೈಲುಕುಪ್ಪೆಯ ಟಿಬೆಟನ್ನರು, ಸಿಂಧನೂರು ಕ್ಯಾಂಪುಗಳ ಬಂಗಾಳಿಗಳು ಮೊದಲ ಬಗೆಯವರು. ಬಾಗಲಕೋಟೆಯ ಮುಳುಗಡೆ ಸಂತ್ರಸ್ತರನ್ನು ನೆನೆದರೆ ಎರಡನೆಯದರ ಅಂದಾಜು ಸಿಗುತ್ತದೆ. ಆದರೆ ವಿಶ್ವಸಂಸ್ಥೆಯ ಮುಂದಿನ ಲೆಕ್ಕದಲ್ಲಿ ಅಣೆಕಟ್ಟಿನಿಂದ ಎದ್ದವರು ಬರುವುದಿಲ್ಲ, ಯುದ್ಧ, ಹಿಂಸೆ, ಕಿರುಕುಳದಿಂದ ಓಡಿದವರು ಮಾತ್ರ.

ಹಾಗೆ ಓಡಿದವರು 2024ರ ಕೊನೆಗೆ 12.32 ಕೋಟಿ. ಅವರಲ್ಲಿ 7.35 ಕೋಟಿ ಜನ ಸ್ವಂತ ದೇಶದೊಳಗೇ ಅಲೆಯುತ್ತಿದ್ದವರು. ಸುಡಾನ್ ಒಂದರಲ್ಲೇ 2023ರ ಏಪ್ರಿಲ್ 15ರಂದು ಶುರುವಾದ ಯುದ್ಧದ ದೆಸೆಯಿಂದ ಸ್ಥಳಾಂತರಿತರ ಸಂಖ್ಯೆ 1.43 ಕೋಟಿಗೆ ಏರಿತ್ತು. ಸಿರಿಯಾ, ಅಫ್ಘಾನಿಸ್ತಾನ, ಯೆಮನ್, ಮ್ಯಾನ್ಮಾರಿನ ರೋಹಿಂಗ್ಯಾಗಳು ಎಂದು ಹೆಸರುಗಳನ್ನು ಸಾಲಾಗಿ ಬರೆದರೆ ದಾರಿಯಲ್ಲಿರುವವರಲ್ಲಿ ಮುಸ್ಲಿಮರು ಬಹಳ ದೊಡ್ಡ ಪಾಲು ಎಂಬುದು ತಾನಾಗಿ ಕಾಣುತ್ತದೆ. ಆಸರೆ ಕೊಟ್ಟ ಜೋರ್ಡಾನ್, ಲೆಬನಾನ್, ಬಾಂಗ್ಲಾದೇಶ, ಚಾಡ್‌ಗಳೂ ಸಿರಿವಂತ ದೇಶಗಳೇನಲ್ಲ.

ಇವರನ್ನು ನೋಡಿಕೊಳ್ಳಲು 1950ರಲ್ಲಿ ಹುಟ್ಟಿದ ವಿಶ್ವಸಂಸ್ಥೆಯ ನಿರಾಶ್ರಿತರ ಹೈಕಮಿಷನರ್ ಕಚೇರಿ, ಅಂದರೆ ಯುಎನ್‌ಎಚ್‌ಸಿಆರ್, ಇದೆ. ಆದರೆ ಅದಕ್ಕೆ ಕಾಯಂ ಖಜಾನೆ ಇಲ್ಲ. ವಿಶ್ವಸಂಸ್ಥೆಯ ಮಾಮೂಲಿ ಬಜೆಟ್ಟಿನಿಂದ ಅದಕ್ಕೆ ಬರುವುದು ಚಿಟಿಕೆಯಷ್ಟು. ಉಳಿದದ್ದೆಲ್ಲ ಸರ್ಕಾರಗಳೂ ಜನರೂ ಮನಸ್ಸು ಮಾಡಿ ಕೊಟ್ಟ ಚಂದಾ. ಊರ ಜಾತ್ರೆಯ ಹಾಗೆ: ಖರ್ಚು ಖಚಿತ, ವಸೂಲಿ ಅನಿಶ್ಚಿತ. ಎಷ್ಟೋ ವರ್ಷಗಳಿಂದ ಅತಿ ದೊಡ್ಡ ಚಂದಾದಾರ ಅಮೆರಿಕ. 2025ರಲ್ಲಿ ಅಮೆರಿಕವೂ ಯುರೋಪಿನ ಕೆಲವು ದೇಶಗಳೂ ಕೈ ಬಿಗಿ ಹಿಡಿದವು. ಆ ವರ್ಷದ ಜೂನ್‌ನಲ್ಲಿ ಯುಎನ್‌ಎಚ್‌ಸಿಆರ್ ಸುಮಾರು 3,500 ಹುದ್ದೆಗಳನ್ನು ಕಡಿತ ಮಾಡುತ್ತಿರುವುದಾಗಿ ಹೇಳಿತು.

ಹಣ ಕಡಿಮೆಯಾದರೆ ಏನಾಗುತ್ತದೆ? ಬಾಂಗ್ಲಾದೇಶದ ಕಾಕ್ಸ್ ಬಜಾರಿನ ರೋಹಿಂಗ್ಯಾ ಶಿಬಿರಗಳನ್ನು ನೋಡಿ. 2023ರ ಆರಂಭದಲ್ಲಿ ವಿಶ್ವಸಂಸ್ಥೆಯ ವಿಶ್ವ ಆಹಾರ ಕಾರ್ಯಕ್ರಮ ಅಲ್ಲಿ ತಲೆಗೆ ತಿಂಗಳಿಗೆ 12 ಡಾಲರ್ ಪಡಿತರ ಕೊಡುತ್ತಿತ್ತು. ಚಂದಾ ಸಾಲದೆ ಮಾರ್ಚ್‌ನಲ್ಲಿ ಅದನ್ನು 10 ಡಾಲರಿಗೆ, ಜೂನ್‌ನಲ್ಲಿ 8 ಡಾಲರಿಗೆ ಇಳಿಸಿತು. ಕೆಲಸಕ್ಕೆ ಹೊರಗೆ ಹೋಗಲು ಅನುಮತಿ ಇಲ್ಲದ ಜನಕ್ಕೆ ದಿನಕ್ಕೆ ಸುಮಾರು 27 ಸೆಂಟ್. ಮುಂದಿನ ವರ್ಷ ಪಡಿತರ ಮತ್ತೆ ಏರಿತು, ಅದರ ಮುಂದಿನ ವರ್ಷ ಮತ್ತೆ ಕಡಿತದ ಭಯ ಬಂತು. ಸರ್ಕಾರಗಳ ಮರ್ಜಿಗೆ ಕಾಯುವುದಕ್ಕಿಂತ ಪ್ರತಿ ವರ್ಷ ತಪ್ಪದೆ ಹುಟ್ಟುವ, ಮಂಜೂರಾತಿಗೆ ಯಾವ ಸಂಸತ್ತೂ ಬೇಕಿಲ್ಲದ ಹಣವೊಂದು ಇದ್ದರೆ? ಸಂಸ್ಥೆಗಳ ಕಣ್ಣು ಝಕಾತಿನ ಮೇಲೆ ಬಿದ್ದದ್ದು ಹೀಗೆ.

ಫತ್ವಾ, ಬೇರೆ ಖಾತೆ, ಕಣ್ಣಿನ ಗುರುತು

ಆದರೆ ಝಕಾತ್ ಕೊಡುವವನಿಗೆ ಒಂದು ಆತಂಕ ಸದಾ ಇರುತ್ತದೆ. ಹಣ ತಪ್ಪು ಕೈಗೆ ಹೋದರೆ ಅವನ ಬಾಕಿ ತೀರಿತೋ ಇಲ್ಲವೋ? ಇದನ್ನು ತಿಳಿದೇ ಯುಎನ್‌ಎಚ್‌ಸಿಆರ್ ಮೊದಲು ವಿದ್ವಾಂಸರ ಬಾಗಿಲು ತಟ್ಟಿತು. ಈಜಿಪ್ಟಿನ ಸರ್ಕಾರಿ ಧರ್ಮಶಾಸ್ತ್ರ ಸಂಸ್ಥೆ ದಾರುಲ್ ಇಫ್ತಾ, ಅಬುಧಾಬಿಯ ತಾಬಾ ಪ್ರತಿಷ್ಠಾನ ಮುಂತಾದ ಕಡೆಗಳಿಂದ ಫತ್ವಾ ಪಡೆಯಿತು. ನಮ್ಮಲ್ಲಿ ಟೀವಿಯವರು ಫತ್ವಾ ಎಂದರೆ ಬೆದರಿಕೆ ಎನ್ನುವ ಹಾಗೆ ಬಳಸುತ್ತಾರೆ. ನಿಜಕ್ಕೆ ಅದು ಕೇಳಿದ ಪ್ರಶ್ನೆಗೆ ಧರ್ಮಶಾಸ್ತ್ರ ಬಲ್ಲವರು ಕೊಡುವ ಅಭಿಪ್ರಾಯ. ವಕೀಲರ ಒಪೀನಿಯನ್ ಇದ್ದ ಹಾಗೆ. ಅಭಿಪ್ರಾಯಗಳಲ್ಲಿದ್ದ ತಿರುಳು ಇಷ್ಟು: ಸಂಸ್ಥೆ ಮಾಲೀಕನಲ್ಲ, ಕೊಡುವವನ ಪರವಾಗಿ ತಲುಪಿಸುವ ಬರೀ ಮಧ್ಯವರ್ತಿ, ಹಣ ಪೂರ್ತಿಯಾಗಿ ಅರ್ಹರಿಗೆ ತಲುಪಬೇಕು, ತಡ ಮಾಡಬಾರದು.

2016ರಿಂದ 2018ರವರೆಗೆ ಪ್ರಯೋಗ ನಡೆಯಿತು. ಆ ಅವಧಿಯಲ್ಲಿ ಬಂದದ್ದು 1.44 ಕೋಟಿ ಡಾಲರ್, ತಲುಪಿದ್ದು 6,888 ಕುಟುಂಬಗಳಿಗೆ. 2019ರಲ್ಲಿ 'ನಿರಾಶ್ರಿತರ ಝಕಾತ್ ನಿಧಿ' ಎಂಬ ಹೆಸರಿನಲ್ಲಿ ಅದು ಕಾಯಂ ಆಯಿತು. ಅದೇ ವರ್ಷ ಕತಾರಿನ ಶೇಖ್ ಥಾನಿ ಬಿನ್ ಅಬ್ದುಲ್ಲಾ ಬಿನ್ ಥಾನಿ ಅಲ್ ಥಾನಿ ಅವರೊಬ್ಬರೇ ಬಾಂಗ್ಲಾದೇಶದ ರೋಹಿಂಗ್ಯಾಗಳಿಗೂ ಯೆಮನ್‌ನ ಸ್ಥಳಾಂತರಿತರಿಗೂ 3.5 ಕೋಟಿ ಡಾಲರಿಗಿಂತ ಹೆಚ್ಚು ಕೊಟ್ಟರು. 2020ರಲ್ಲಿ ಝಕಾತ್ ಮತ್ತು ಸದಕಾ ಸೇರಿ ಬಂದದ್ದು 6.15 ಕೋಟಿ ಡಾಲರ್. ನೆರವು ಸಿಕ್ಕಿದ್ದು 21 ಲಕ್ಷಕ್ಕೂ ಹೆಚ್ಚು ಜನರಿಗೆ.

ಜೋರ್ಡಾನಿನಲ್ಲಿ ಈ ಹಣ ಸಾಗುವ ದಾರಿಯನ್ನು ಹತ್ತಿರದಿಂದ ನೋಡಬಹುದು. ಅಲ್ಲಿನ ಝಾತರಿ ಶಿಬಿರ ಹೆಸರುವಾಸಿ. 2012ರಲ್ಲಿ ಡೇರೆಗಳಾಗಿ ಶುರುವಾಗಿ ಈಗ ಒಂದು ಪಟ್ಟಣದಂತಿದೆ. ಆದರೆ ದೇಶದ ಹತ್ತರಲ್ಲಿ ಎಂಟು ಮಂದಿ ನಿರಾಶ್ರಿತರು ಶಿಬಿರದಲ್ಲಿಲ್ಲ, ಅಮ್ಮಾನ್, ಇರ್ಬಿದ್‌ನಂಥ ಊರುಗಳ ಬಾಡಿಗೆ ಮನೆಗಳಲ್ಲಿದ್ದಾರೆ. ಅಂಥ ಮನೆಗೆ ಮೊದಲು ಸಂಸ್ಥೆಯ ಕಡೆಯವರು ಭೇಟಿ ಕೊಡುತ್ತಾರೆ. ಎಷ್ಟು ಜನ, ದುಡಿಯುವವರು ಯಾರು, ಕಾಯಿಲೆ ಯಾರಿಗೆ, ಬಾಡಿಗೆ ಎಷ್ಟು, ಸಾಲ ಎಷ್ಟು ಎಂದು ಕೇಳಿ ಬರೆದುಕೊಳ್ಳುತ್ತಾರೆ. ಉತ್ತರಗಳಿಗೆ ಅಂಕ ಬೀಳುತ್ತದೆ. ಅತಿ ಕಷ್ಟದಲ್ಲಿರುವ ಕುಟುಂಬ ಪಟ್ಟಿಯ ಮೇಲಕ್ಕೆ ಬರುತ್ತದೆ. ನಮ್ಮ ಬಿಪಿಎಲ್ ಕಾರ್ಡಿನ ಸಮೀಕ್ಷೆ ನೆನಪಾದರೆ ತಪ್ಪಿಲ್ಲ.

ಆಯ್ಕೆಯಾದ ಕುಟುಂಬಕ್ಕೆ ಮೊಬೈಲಿಗೆ ಸಂದೇಶ ಬರುತ್ತದೆ. ಮನೆಯೊಡತಿ ಬ್ಯಾಂಕಿನ ಎಟಿಎಂಗೆ ಹೋಗುತ್ತಾಳೆ. ಕೈಯಲ್ಲಿ ಕಾರ್ಡಿಲ್ಲ, ತಲೆಯಲ್ಲಿ ಪಿನ್ ಇಲ್ಲ. ಯಂತ್ರದ ಪುಟ್ಟ ಕ್ಯಾಮೆರಾದತ್ತ ಕಣ್ಣರಳಿಸಿ ನಿಲ್ಲುತ್ತಾಳೆ. ಹೆಸರು ನೋಂದಾಯಿಸುವಾಗ ತೆಗೆದ ಕಣ್ಣಿನ ಪಾಪೆಯ ಗುರುತಿಗೆ ಇದು ತಾಳೆಯಾದರೆ ನೋಟುಗಳು ಹೊರಬರುತ್ತವೆ. ಅದನ್ನು ಬಾಡಿಗೆಗೆ ಕೊಡಬೇಕೋ, ಮಗುವಿನ ಔಷಧಿಗೋ, ಉದ್ರಿ ತೀರಿಸಲೋ ಎಂಬುದು ಅವಳ ತೀರ್ಮಾನ. ಕಾರ್ಡು ಕದಿಯಬಹುದು, ಕಣ್ಣು ಕದಿಯಲಾಗದು ಎಂಬುದು ಈ ವ್ಯವಸ್ಥೆಯ ಪರವಾದ ವಾದ. ಕಾರ್ಡಿನ ಮಾಹಿತಿ ಸೋರಿದರೆ ಬೇರೆ ಕಾರ್ಡು ಮಾಡಿಸಬಹುದು, ಕಣ್ಣಿನ ಮಾಹಿತಿ ಸೋರಿದರೆ ಬೇರೆ ಕಣ್ಣು ತರುವುದೆಲ್ಲಿಂದ ಎಂಬುದು ವಿರುದ್ಧದ್ದು. ಆಧಾರ್ ಕಂಡ ನಮಗೆ ಎರಡೂ ಹೊಸದಲ್ಲ.

ಸಂಸ್ಥೆಯ ಸಂಬಳ, ಸಾರಿಗೆ, ಕಚೇರಿ ಖರ್ಚನ್ನು ಝಕಾತಿನಿಂದ ಮುರಿದುಕೊಳ್ಳುವುದಿಲ್ಲ, ಬೇರೆ ಚಂದಾದಿಂದ ಭರಿಸುತ್ತೇವೆ ಎಂದು ಯುಎನ್‌ಎಚ್‌ಸಿಆರ್ ಹೇಳುತ್ತದೆ. ನಿಜವಾಗಿ ನೋಡಿದರೆ ಎಂಟು ವರ್ಗಗಳಲ್ಲಿ ಮೂರನೆಯದು ವಸೂಲಿ ಮತ್ತು ಹಂಚಿಕೆ ಮಾಡುವವರದ್ದೇ. ಅವರಿಗೆ ಎಂಟನೇ ಒಂದು ಭಾಗದವರೆಗೆ ಸಲ್ಲಬಹುದು ಎಂದು ಶಾಫಿ ಪಂಥ ಹೇಳುತ್ತದೆ. ಅನೇಕ ಮುಸ್ಲಿಂ ಸೇವಾಸಂಸ್ಥೆಗಳು ಆ ಪಾಲನ್ನು ತೆಗೆದುಕೊಳ್ಳುತ್ತವೆ, ಅದು ಮೋಸವಲ್ಲ. ಎಷ್ಟು ತೆಗೆದುಕೊಳ್ಳುತ್ತೇವೆ ಎಂದು ಮೊದಲೇ ಹೇಳಿದರೆ ಸಾಕು.

ಕೂರಿಸಿ ಬಡಿಸಿದರೆ ಝಕಾತ್ ಆಗುವುದೇ?

ಅಷ್ಟೊಂದು ಕಷ್ಟಪಟ್ಟು ನಗದನ್ನೇ ಯಾಕೆ ಕೊಡಬೇಕು? ಆಸ್ಪತ್ರೆ ಕಟ್ಟಬಾರದೇ, ಕೊಳವೆಬಾವಿ ತೋಡಬಾರದೇ? ಇಡೀ ವಿಷಯದ ಗಂಟು ಇರುವುದು ಇಲ್ಲಿ. ಅದರ ಹೆಸರು 'ತಮ್ಲೀಕ್', ಅಂದರೆ ಒಡೆತನ ವರ್ಗಾಯಿಸುವುದು. ಝಕಾತ್ ಕೊಟ್ಟಂತಾಗಬೇಕಾದರೆ ಆ ಹಣ ಅಥವಾ ವಸ್ತು ಪಡೆದವನ ಸ್ವಂತದ್ದಾಗಬೇಕು. ಅವನು ಅದನ್ನು ತಿನ್ನಲಿ, ಮಾರಲಿ, ಇನ್ನೊಬ್ಬರಿಗೆ ಕೊಡಲಿ, ಯಾರೂ ಕೇಳುವಂತಿಲ್ಲ. ಹನಫಿ ಪಂಥ ಇದರಲ್ಲಿ ಬಹಳ ಬಿಗಿ. ಬಡವರನ್ನು ಕರೆದು, ಎಲೆ ಹಾಕಿ, ಹೊಟ್ಟೆ ತುಂಬ ಬಡಿಸಿದರೂ ಆ ಪಂಥದ ಪ್ರಕಾರ ಝಕಾತ್ ಸಂದಂತಲ್ಲ. ಕಾರಣ, ಉಣ್ಣಲು ಕೂತ ಅತಿಥಿ ಎಲೆಯ ಮೇಲಿನ ಅನ್ನಕ್ಕೆ ಮಾಲೀಕನಲ್ಲ, ಉಣ್ಣಲು ಅನುಮತಿ ಸಿಕ್ಕವನು. ಅದೇ ಅನ್ನವನ್ನು ಪೊಟ್ಟಣ ಕಟ್ಟಿ ಕೈಗಿತ್ತರೆ ಸಂದಿತು. ಕೇಳಲು ಕೂದಲು ಸೀಳಿದ ಹಾಗಿದೆ. ಆದರೆ ಈ ಸೀಳಿನ ಹಿಂದೆ ಪಡೆಯುವವನಿಗೂ ಆಯ್ಕೆ ಇರಲಿ ಎಂಬ ಯೋಚನೆ ಇದೆ. ಬೇಳೆ ಮೂಟೆ ಹಂಚುವುದಕ್ಕಿಂತ ನಗದು ಕೊಟ್ಟು ನಂಬುವುದು ಒಳ್ಳೆಯದು ಎಂದು ನೆರವು ಸಂಸ್ಥೆಗಳು ಕಲಿತದ್ದು ಈಚೆಗೆ. ಝಕಾತಿನ ನಿಯಮ ಬಹಳ ಹಿಂದೆಯೇ ಅತ್ತ ವಾಲಿಕೊಂಡಿತ್ತು.

ನಗದು ಎಲ್ಲ ಕಡೆ ಸಾಧ್ಯವಿಲ್ಲ. ರೋಹಿಂಗ್ಯಾ ಶಿಬಿರಗಳಲ್ಲಿ ನಗದು ಹಂಚಲು ಬಾಂಗ್ಲಾದೇಶ ಸರ್ಕಾರದ ನಿರ್ಬಂಧವಿದೆ. ಅಲ್ಲಿ ಝಕಾತ್ ವಸ್ತುಗಳ ರೂಪ ತಾಳುತ್ತದೆ.

ಸುಡಾನಿನ ಕಥೆ ಇನ್ನೂ ವಿಚಿತ್ರ. ಝಕಾತನ್ನು ಕಾನೂನಿನಿಂದಲೇ ವಸೂಲು ಮಾಡುವ ಕೆಲವೇ ದೇಶಗಳಲ್ಲಿ ಅದೂ ಒಂದು; ಅದಕ್ಕಾಗಿ 'ದಿವಾನುಝ್ಝಕಾತ್' ಎಂಬ ಸರ್ಕಾರಿ ಇಲಾಖೆಯೇ ಇದೆ. ಆ ಸುಡಾನೇ ಇಂದು ಜಗತ್ತಿನ ಅತಿ ದೊಡ್ಡ ಸ್ಥಳಾಂತರದ ನೆಲ. ಸರ್ಕಾರ ಇಬ್ಭಾಗವಾಗಿ, ದೊಡ್ಡ ಸಂಸ್ಥೆಗಳ ಲಾರಿಗಳು ಗಡಿಯಲ್ಲಿ ನಿಂತಾಗ ಜನರನ್ನು ಬದುಕಿಸಿದ್ದು ಓಣಿ ಓಣಿಯ ಹುಡುಗ ಹುಡುಗಿಯರು ಕಟ್ಟಿಕೊಂಡ ತುರ್ತು ನೆರವಿನ ಗುಂಪುಗಳು. ಸೂಫಿ ಮಠಗಳ ಅನ್ನಛತ್ರಗಳಿಗಿದ್ದ 'ತಕಾಯಾ' ಎಂಬ ಹಳೆಯ ಹೆಸರಿನಲ್ಲೇ ಅವರು ಸಾಮೂಹಿಕ ಅಡುಗೆಮನೆ ತೆರೆದರು. ಹೊರದೇಶದಲ್ಲಿರುವ ಸುಡಾನಿಗಳು 'ಬಂಕಕ್' ಎಂಬ ಬ್ಯಾಂಕ್ ಆ್ಯಪ್ ಮೂಲಕ ಹಣ ಹಾಕುತ್ತಾರೆ, ಇಲ್ಲಿ ದೊಡ್ಡ ಹಂಡೆಯಲ್ಲಿ ಹುರುಳಿಕಾಯಿ ಬೀಜವೋ ಬೇಳೆಯೋ ಬೇಯುತ್ತದೆ, ಮಕ್ಕಳು ಪಾತ್ರೆ ಹಿಡಿದು ಸಾಲು ನಿಲ್ಲುತ್ತಾರೆ. ಪಾತ್ರೆಗೆ ಹಾಕಿಸಿಕೊಂಡು ಮನೆಗೊಯ್ದರೆ ಒಡೆತನ ಬಂತು ಎನ್ನಬಹುದು. ಹಸಿದ ಊರಿನಲ್ಲಿ ಈ ಪ್ರಶ್ನೆ ಕೇಳುತ್ತ ಕೂರುವವರು ಕಡಿಮೆ.

ಒಮ್ಮತವಿಲ್ಲದ ಎರಡು ಮಾತು

ಮೊದಲನೆಯದು, ನನ್ನ ಊರಿನ ಬಡವನನ್ನು ಬಿಟ್ಟು ದೂರದವನಿಗೆ ಕೊಡಬಹುದೇ ಎಂಬುದು. ಪ್ರವಾದಿಯವರು ತಮ್ಮ ಸಂಗಡಿಗ ಮುಆದ್ ಬಿನ್ ಜಬಲರನ್ನು ಯೆಮನ್‌ಗೆ ಕಳಿಸುವಾಗ, ಅಲ್ಲಿನ ಸಿರಿವಂತರಿಂದ ಪಡೆದು ಅಲ್ಲಿನ ಬಡವರಿಗೇ ಕೊಡುವ ಝಕಾತ್ ಎಂದು ಹೇಳಿದರಂತೆ. ಇದನ್ನು ಹಿಡಿದು ಶಾಫಿ ಪಂಥದ ಹಳೆಯ ನಿಲುವು ಝಕಾತ್ ಊರು ದಾಟಬಾರದು ಎನ್ನುತ್ತದೆ. ಹನಫಿಗಳು ದಾಟಿಸುವುದು ಒಳ್ಳೆಯದಲ್ಲ ಎನ್ನುತ್ತಾರೆ, ಆದರೆ ಹೊರಗೆ ಹೆಚ್ಚಿನ ಕಷ್ಟವಿದ್ದರೆ ಅಥವಾ ಬಡ ನೆಂಟರಿದ್ದರೆ ಅಡ್ಡಿಯಿಲ್ಲ. ಮುಆದರ ಬಗ್ಗೆಯೇ ಇನ್ನೊಂದು ಹಳೆಯ ಕಥನವಿದೆ. ಖಲೀಫ ಉಮರರ ಕಾಲದಲ್ಲಿ ಅವರು ಯೆಮನ್‌ನಿಂದ ಒಂದು ವರ್ಷ ಮೂರನೇ ಒಂದು ಭಾಗ, ಮರುವರ್ಷ ಅರ್ಧ, ಮೂರನೇ ವರ್ಷ ಪೂರ್ತಿ ಝಕಾತನ್ನು ಮದೀನಾಕ್ಕೆ ಕಳಿಸಿದರು. ಉಮರ್ ಪ್ರತಿ ಸಲವೂ ಆಕ್ಷೇಪಿಸಿದರು. ಇಲ್ಲಿ ತೆಗೆದುಕೊಳ್ಳುವವರೇ ಸಿಗಲಿಲ್ಲ ಎಂಬುದು ಮುಆದರ ಉತ್ತರ. ಇಂದಿನ ಫತ್ವಾಗಳು ಬಹುಮಟ್ಟಿಗೆ ಕಷ್ಟದ ತೂಕ ನೋಡುತ್ತವೆ.

ಎರಡನೆಯದು ಇನ್ನೂ ಸೂಕ್ಷ್ಮ: ಮುಸ್ಲಿಮೇತರರಿಗೆ ಝಕಾತ್ ಸಲ್ಲುವುದೇ? ಬಹುಪಾಲು ಸಾಂಪ್ರದಾಯಿಕ ವಿದ್ವಾಂಸರು ಇಲ್ಲ ಎನ್ನುತ್ತಾರೆ. ಅವರಿಗೆ ಸದಕಾ ಧಾರಾಳವಾಗಿ ಕೊಡಿ, ಝಕಾತ್ ಮಾತ್ರ ಮುಸ್ಲಿಂ ಬಡವರಿಗೆ ಎಂಬುದು ಅವರ ವಾದ. ಇನ್ನೊಂದು ಬದಿಯವರು ಭಿಕ್ಷೆ ಬೇಡುತ್ತಿದ್ದ ಮುದಿ ಯಹೂದಿಯೊಬ್ಬನಿಗೆ ಉಮರ್ ಬೊಕ್ಕಸದಿಂದ ಕೊಡಿಸಿದ ಪ್ರಸಂಗವನ್ನು ಎತ್ತುತ್ತಾರೆ. ವಿಶ್ವಸಂಸ್ಥೆಗೆ ಇದು ನುಂಗಲಾರದ ತುತ್ತು, ಯಾಕೆಂದರೆ ಧರ್ಮ ಕೇಳಿ ನೆರವು ಕೊಡುವುದು ಅದರ ಮೂಲ ನಿಯಮಕ್ಕೇ ವಿರುದ್ಧ. ಹೊರದಾರಿ ಏನೆಂದರೆ, ಝಕಾತನ್ನು ನಿರಾಶ್ರಿತರಲ್ಲಿ ಮುಸ್ಲಿಮರೇ ಬಹುಸಂಖ್ಯಾತರಾಗಿರುವ ದೇಶಗಳಲ್ಲಿ ಬಳಸುವುದು, ಉಳಿದವರಿಗೆ ಬೇರೆ ಹಣದಿಂದ ಕೊಡುವುದು. ಆಯ್ಕೆಯ ಅಳತೆಗೋಲು ಮಾತ್ರ ಎಲ್ಲ ಕಡೆ ಕಷ್ಟವೊಂದೇ. ಮಲೇಷ್ಯಾದ ಪರ್ಲಿಸ್ ರಾಜ್ಯದವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಅವರ ಝಕಾತಿನ 12 ಲಕ್ಷ ಡಾಲರ್ ರೆಡ್ ಕ್ರಾಸ್ ಮೂಲಕ, ಮುಸ್ಲಿಮರು ಕಡಿಮೆಯಿರುವ ಕೆನ್ಯಾದ ಕಿಟುಯಿಯ ಬರಪೀಡಿತರಿಗೆ ಹೋಯಿತು. ಅಲ್ಲಿನ ರೈತರು ಅದರಿಂದ ಹೆಸರುಕಾಳು ಬಿತ್ತಿದರು.

ವರ್ಷದ ಭತ್ತ, ತಲೆಮಾರಿನ ತೋಟ

ಝಕಾತಿಗೆ ಒಂದು ಮಿತಿಯೂ ಇದೆ. ಅದು ಗದ್ದೆಯ ಭತ್ತದ ಹಾಗೆ, ಆ ವರ್ಷದ್ದು ಆ ವರ್ಷವೇ ಹಂಚಿ ಖರ್ಚಾಗಬೇಕು. ಕೂಡಿಡುವಂತಿಲ್ಲ. ಆದರೆ ನಿರಾಶ್ರಿತನ ಪಾಡು ಒಂದು ವರ್ಷಕ್ಕೆ ಮುಗಿಯುವುದಿಲ್ಲ. ಝಾತರಿಯಲ್ಲಿ ಹುಟ್ಟಿದ ಮಕ್ಕಳು ಹೈಸ್ಕೂಲು ಸೇರುವ ವಯಸ್ಸಿಗೆ ಬಂದಿದ್ದಾರೆ. ಅದಕ್ಕೆ ಬೇಕಾದದ್ದು ತೆಂಗಿನ ತೋಟ: ಮರ ಕಡಿಯುವಂತಿಲ್ಲ, ಕಾಯಿ ಮಾತ್ರ ಕೀಳಬಹುದು. ಇಸ್ಲಾಮಿನಲ್ಲಿ ಅದಕ್ಕೆ ವಕ್ಫ್ ಎಂಬ ವ್ಯವಸ್ಥೆಯಿದೆ. ಆಸ್ತಿ ದೇವರ ಹೆಸರಲ್ಲಿ ನಿಂತುಬಿಡುತ್ತದೆ, ಅದರ ಹುಟ್ಟುವಳಿ ಮಾತ್ರ ಸತ್ಕಾರ್ಯಕ್ಕೆ. ಇದೇ ಮಾದರಿಯಲ್ಲಿ ಜಿದ್ದಾದ ಇಸ್ಲಾಮಿಕ್ ಅಭಿವೃದ್ಧಿ ಬ್ಯಾಂಕ್ ಮತ್ತು ಯುಎನ್‌ಎಚ್‌ಸಿಆರ್ 2022ರಲ್ಲಿ ನಿರಾಶ್ರಿತರಿಗಾಗಿ ಜಾಗತಿಕ ಇಸ್ಲಾಮಿಕ್ ನಿಧಿ ಶುರು ಮಾಡಿದವು. ಅದರ ಒಂದು ಭಾಗವನ್ನು ಹೂಡಿ, ಬಂದ ಲಾಭವನ್ನು ಶಾಲೆ, ನೀರು, ಜೀವನೋಪಾಯದಂಥ ದೀರ್ಘ ಕೆಲಸಗಳಿಗೆ ಬಳಸುವುದು ಯೋಜನೆ.

ಹಾಗೆಂದು ಇದೆಲ್ಲ ಸರ್ಕಾರಗಳ ಹಣದ ಜಾಗ ತುಂಬುತ್ತದೆ ಎಂದುಕೊಳ್ಳಬೇಡಿ. 2025ರಲ್ಲಿ ತನಗೆ ಬೇಕೆಂದು ಯುಎನ್‌ಎಚ್‌ಸಿಆರ್ ಲೆಕ್ಕ ಹಾಕಿದ್ದು ಸಾವಿರ ಕೋಟಿ ಡಾಲರಿನ ಆಸುಪಾಸು. ಅದರ ಮುಂದೆ ಆರು ಕೋಟಿ ಎಂದರೆ ನೂರರಲ್ಲಿ ಒಂದು ಪಾಲೂ ಅಲ್ಲ. ಒಬ್ಬಿಬ್ಬರು ದೊಡ್ಡ ದಾನಿಗಳ ಮೇಲೆ ನಿಂತ ನಿಧಿ ಅವರು ಕೈಬಿಟ್ಟರೆ ಕುಸಿಯುತ್ತದೆ. ವಸೂಲಿ ರಂಜಾನ್ ತಿಂಗಳಲ್ಲಿ ಉಕ್ಕಿ ಆಮೇಲೆ ಬತ್ತುತ್ತದೆ. ಬಾಡಿಗೆ ಮಾತ್ರ ಹನ್ನೆರಡು ತಿಂಗಳೂ ಕಟ್ಟಬೇಕು. ಜಗತ್ತಿನ ಝಕಾತಿನ ಬಹುಪಾಲು ಯಾವ ಸಂಸ್ಥೆಯ ಪುಸ್ತಕಕ್ಕೂ ಬಾರದೆ ಕೈಯಿಂದ ಕೈಗೆ, ಲಕೋಟೆಯಲ್ಲಿ, ಬಾಗಿಲ ಸಂದಿಯಲ್ಲಿ ಸಾಗಿಬಿಡುತ್ತದೆ.

ಬಂದರಿನ ವ್ಯಾಪಾರಿಗೆ ನಾನು ಇಷ್ಟೂ ಹೇಳಲಿಲ್ಲ, ಅಂಗಡಿಯಲ್ಲಿ ಗಿರಾಕಿಗಳಿದ್ದರು. ಖಾತೆ ಬೇರೆ ಇಡುತ್ತಾರಾ, ಎಷ್ಟು ತಿಂಗಳೊಳಗೆ ಹಂಚುತ್ತಾರೆ, ಖರ್ಚಿಗೆ ಎಷ್ಟು ಮುರಿಯುತ್ತಾರೆ, ಯಾವ ವಿದ್ವಾಂಸರು ಒಪ್ಪಿದ್ದಾರೆ ಎಂಬ ನಾಲ್ಕು ಪ್ರಶ್ನೆ ಬರೆದುಕೊಟ್ಟು, ಮಸೀದಿಯ ಉಸ್ತಾದರನ್ನು ಕೇಳಿ ಎಂದೆ. ವಾರ ಬಿಟ್ಟು ಹೋದಾಗ ತೀರ್ಮಾನ ಆಗಿತ್ತು. ಝಕಾತ್ ಎಂದಿನಂತೆ ಮೊಹಲ್ಲಾದ ಇಬ್ಬರು ವಿಧವೆಯರಿಗೆ ಮತ್ತು ಸಾಲದಲ್ಲಿದ್ದ ಒಬ್ಬ ಆಟೋ ಚಾಲಕನಿಗೆ. ದೂರದವರಿಗೆ ಸದಕಾ, ಅದಕ್ಕೆ ಊರಿನ ಗಡಿಯೂ ಇಲ್ಲ, ನಲವತ್ತರ ಲೆಕ್ಕವೂ ಇಲ್ಲ. ಮಗ ಮಾತ್ರ ಒಪ್ಪಲಿಲ್ಲವಂತೆ. ಅವನ ದುಡಿಮೆ ದುಬೈಯದ್ದು, ಅವನ ಝಕಾತ್ ಅವನದ್ದು. ಅವನು ಫೋನಿನಲ್ಲೇ ಸುಡಾನಿಗೆ ಕಳಿಸಿಬಿಟ್ಟಿದ್ದ.